ಸಾಲ್ಮನ್ ಸಾಕಣೆಯ ಐಎಸ್‌ಎ ವೈರಸ್ ಮತ್ತು ನಮ್ಮ ಹೊಳೆಯ ಪಂಜರಗಳು: ಮಳೆಗಾಲಕ್ಕೆ ಹಳೆ ಮೀನು ಉಳಿಸಿಕೊಳ್ಳಬೇಕಾ, ಬೇಡ್ವಾ?

ಶಿರಿಯ ದಡ:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಕೇರಳದ ಗಡಿಜಿಲ್ಲೆ ಕಾಸರಗೋಡಿನ ಶಿರಿಯ ಹೊಳೆಯಲ್ಲಿ ಪಂಜರ ಹಾಕಿ ಕಾಳಾಂಜಿ ಸಾಕುವವರು. ನಮ್ಮ ಹಿಂದೆ ಮುಂದೆ ಬೇರೆಯವರ ಪಂಜರಗಳೂ ಇವೆ. ಕೆಲವರದ್ದು ಕರಿಮೀನು, ಕೆಲವರದ್ದು ತಿಲಾಪಿಯ. ಈ ಸಲ ನಮ್ಮಿಂದ ಮೇಲಿನ ಒಂದು ಪಂಜರದಲ್ಲಿ ಹೊಸದಾಗಿ ಬಿಟ್ಟ ಕಾಳಾಂಜಿ ಮರಿಗಳು ಮೈ ಕಪ್ಪಾಗಿ, ತಿನ್ನೋದು ಬಿಟ್ಟು, ನೀರಿನ ಮೇಲೆ ಗಿರಗಿರ ಸುತ್ತಿ ಸತ್ತವು. ಅವರು ಯಾರಿಗೂ ಹೇಳಲಿಲ್ಲ. ಅಂಗಡಿಯಿಂದ ಏನೋ ಆಂಟಿಬಯೋಟಿಕ್ ತಂದು ತಿಂಡಿಗೆ ಕಲಸಿ ಹಾಕಿದರು. ಇಳಿತದ ನೀರಿನಲ್ಲಿ ಸತ್ತ ಮರಿಗಳು ಬಂದು ನಮ್ಮ ಬಲೆಗೆ ತಾಗಿ ನಿಂತ ಮೇಲೆಯೇ ನಮಗೆ ಗೊತ್ತಾದದ್ದು.

ಇದು ವೈರಸ್ ಇರಬಹುದು, ವೈರಸ್ ಆದರೆ ಮದ್ದಿಲ್ಲ ಅಂತ ತಿಳಿದವರು ಹೇಳ್ತಾರೆ. ಆಗ ಹೊರದೇಶದವರು ಏನು ಮಾಡ್ತಾರೆ ಅಂತ ಹುಡುಕಿದೆ. ಸಾಲ್ಮನ್ ಸಾಕುವವರಿಗೆ ಐಎಸ್‌ಎ ಅಂತ ಒಂದು ರೋಗ, ರಕ್ತವೇ ಇಲ್ಲದ ಹಾಗೆ ಆಗಿ ಮೀನು ಸಾಯುವ ರೋಗ. ಅದನ್ನು ನಾರ್ವೆಯವರು ಮದ್ದಿಲ್ಲದೆ ಹತೋಟಿಗೆ ತಂದರಂತೆ. ಅವರ ಮುಖ್ಯ ಉಪಾಯ ಇಷ್ಟೇ: ಹಳೆ ಮೀನು, ಹೊಸ ಮರಿ ಒಟ್ಟಿಗೆ ಇಡಬಾರದು, ಮಧ್ಯೆ ಜಾಗ ಖಾಲಿ ಬಿಡಬೇಕು.

ನನ್ನ ಸಲಹೆ ಕೇಳಿ. ಮೇ ಕೊನೆಗೆ ಎಲ್ಲರೂ ಮೀನು ಹಿಡಿದು ಮುಗಿಸೋಣ. ಆಟಿ ತಿಂಗಳು ಕಳೆಯುವ ತನಕ, ಅಂದರೆ ಆಗಸ್ಟ್ ನಡುವಿನ ತನಕ, ಹೊಳೆಯಲ್ಲಿ ಒಂದೂ ಸಾಕಿದ ಮೀನು ಇರಬಾರದು. ಆದರೆ ಓಣಂಗೆ ಒಳ್ಳೆ ರೇಟು ಸಿಗ್ತದೆ ಅಂತ ಮಳೆಗಾಲದಲ್ಲೂ ಮೀನು ಉಳಿಸಿಕೊಳ್ಳುವವರು ಕೆಲವರಿದ್ದಾರೆ. ಅವರು ಒಪ್ತಾ ಇಲ್ಲ. ನೀವೇನು ಹೇಳ್ತೀರಿ?

ಉಪ್ಪಳದವ, ಈಗ ಬೆರ್ಗನ್:

ಅಣ್ಣ, ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಇಲ್ಲಿ ಸಾಲ್ಮನ್ ಸಾಕುವ ಜಾಗದಲ್ಲೇ ಕೆಲಸ ಮಾಡೋದು. ಅದಕ್ಕೇ ವಿವರವಾಗಿ ಬರೀತೇನೆ.

ಈ ರೋಗ ಮೊದಲು ದಾಖಲಾದದ್ದು ನಾರ್ವೆಯ ಇದೇ ನೈಋತ್ಯ ಕರಾವಳಿಯಲ್ಲಿ, 1984ರಲ್ಲಿ. ನಮ್ಮ ಫ್ಲೂ ಜ್ವರದ ವೈರಸ್ ಯಾವ ಕುಟುಂಬವೋ ಇದೂ ಅದೇ ಕುಟುಂಬದ್ದು. ಆದರೆ ಮನುಷ್ಯರಿಗೆ ಬರೋದಿಲ್ಲ, ಅದಕ್ಕೆ ತಣ್ಣೀರೇ ಬೇಕು, 10ರಿಂದ 15 ಡಿಗ್ರಿಯಲ್ಲಿ ಚೆನ್ನಾಗಿ ಬೆಳೀತದೆ. ನಿಮ್ಮ ಹೊಳೆಗೆ ಐಎಸ್‌ಎ ಬರೋ ಪ್ರಶ್ನೆಯೇ ಇಲ್ಲ, ಆ ಹೆದರಿಕೆ ಬೇಡ. ಕಲಿಯಬೇಕಾದ್ದು ಅದನ್ನು ಹಿಡಿದು ನಿಲ್ಲಿಸಿದ ರೀತಿ.

1990ರ ಸುಮಾರಿಗೆ ವರ್ಷಕ್ಕೆ 80ರ ಆಸುಪಾಸು ಹೊಸ ಜಾಗಗಳಲ್ಲಿ ರೋಗ ಕಾಣಿಸ್ತಿತ್ತು. 1994ರ ಹೊತ್ತಿಗೆ ಅದು ಬೆರಳೆಣಿಕೆಗೆ ಇಳಿಯಿತು. ಆಗ ವೈರಸ್‌ನ್ನು ಯಾರೂ ಬೇರ್ಪಡಿಸಿ ನೋಡಿರಲೂ ಇಲ್ಲ, ಲಸಿಕೆಯೂ ಇರಲಿಲ್ಲ. ಹಾಗಾದ್ರೆ ಮಾಡಿದ್ದೇನು? ಒಂದು ಜಾಗದಲ್ಲಿ ಒಂದೇ ವರ್ಷದ ಮೀನು. ಸಮುದ್ರದಲ್ಲಿ ಒಂದು ಸಲ ಬೆಳೆದ ಮೀನನ್ನು ಇನ್ನೊಂದು ಸಾಕಣೆ ಜಾಗಕ್ಕೆ ಸಾಗಿಸೋದಕ್ಕೆ ತಡೆ. ಮೀನು ಕಡಿಯುವ ಕಾರ್ಖಾನೆಯ ರಕ್ತದ ನೀರನ್ನು ಶುದ್ಧ ಮಾಡದೆ ಸಮುದ್ರಕ್ಕೆ ಬಿಡಬಾರದು. ಸತ್ತದ್ದನ್ನು ಪ್ರತಿದಿನ ಎತ್ತಬೇಕು. ರೋಗದ ಅನುಮಾನ ಬಂದ ತಕ್ಷಣ ತಿಳಿಸಬೇಕು. ಈಗಲೂ ಒಂದು ಬೆಳೆ ಮುಗಿದ ಮೇಲೆ ಕನಿಷ್ಠ ಎರಡು ತಿಂಗಳು ಜಾಗ ಖಾಲಿ ಬಿಡಲೇಬೇಕು ಅಂತ ಕಾನೂನೇ ಇದೆ.

ಈ ರೋಗದ ದೊಡ್ಡ ಮೋಸ ಏನು ಗೊತ್ತಾ, ಶುರುವಿನಲ್ಲಿ ಮೀನು ಜಾಸ್ತಿ ಸಾಯೋದಿಲ್ಲ. ದಿನಕ್ಕೆ ಶೇಕಡಾ 0.05ರಿಂದ 0.1. ಅಂದರೆ ಸಾವಿರ ಮೀನಿರುವ ಪಂಜರದಲ್ಲಿ ದಿನಕ್ಕೆ ಒಂದು, ಕೆಲವು ದಿನ ಅದೂ ಇಲ್ಲ. ಯಾರು ತಲೆ ಕೆಡಿಸಿಕೊಳ್ತಾರೆ? ಆದರೆ ವಾರಗಟ್ಟಲೆ ಅದೇ ನಡೀತದೆ, ಆಮೇಲೆ ಒಮ್ಮೆಲೇ ಏರ್ತದೆ. ಒಂದು ಪಂಜರದಿಂದ ಪಕ್ಕದ್ದಕ್ಕೆ ಹೋಗಲೂ ಟೈಮ್ ತಗೊಳ್ತದೆ. ಅದಕ್ಕೇ ಇಲ್ಲಿ ಸತ್ತ ಮೀನನ್ನು ಸುಮ್ನೆ ಎಸೆಯೋದಿಲ್ಲ, ಎಣಿಸಿ ಬರೆದಿಡ್ತೇವೆ.

ಎತ್ತಿದ ಮೀನಿನ ಕಿವಿರಿನ ಮುಚ್ಚಳ ಬೆರಳಲ್ಲಿ ಎತ್ತಿ ನೋಡ್ತೇವೆ. ಆರೋಗ್ಯದ ಮೀನಾದರೆ ಕಿವಿರು ಗಾಢ ಕೆಂಪು. ಈ ರೋಗ ಬಂದದ್ದರಲ್ಲಿ ಬಿಳಿಚಿಕೊಂಡು ತಿಳಿ ಗುಲಾಬಿ ಆಗಿರ್ತದೆ. ಹೊಟ್ಟೆ ಸೀಳಿದರೆ ನೀರು ತುಂಬಿರ್ತದೆ, ಪಿತ್ತಕೋಶ ಪಕ್ಕದ ಯಕೃತ್ತು ಕಪ್ಪು ತಿರುಗಿರ್ತದೆ. ರಕ್ತದಲ್ಲಿ ಕೆಂಪುಕಣದ ಪಾಲು ಶೇಕಡಾ 35ರ ಮೇಲೆ ಇರಬೇಕಾದ್ದು ಹತ್ತಕ್ಕಿಂತ ಕೆಳಗೆ ಬಂದಿರ್ತದೆ. ಸತ್ತ ಮೀನನ್ನೆಲ್ಲ ಅರೆದು ಫಾರ್ಮಿಕ್ ಆಸಿಡ್ ಸೇರಿಸಿ ಪಿಎಚ್ 4ಕ್ಕಿಂತ ಕೆಳಗೆ ತಂದು ಮುಚ್ಚಿದ ಟ್ಯಾಂಕಿನಲ್ಲಿ ಇಡ್ತಾರೆ. ಅಷ್ಟು ಹುಳಿಯಲ್ಲಿ ಈ ವೈರಸ್ ಉಳಿಯೋದಿಲ್ಲ.

ನಿಮ್ಮ ಮಳೆಗಾಲದ ಸಲಹೆ ನೂರಕ್ಕೆ ನೂರು ಸರಿ ಅಂತ ನನ್ನ ಅಭಿಪ್ರಾಯ. ಓಣಂಗೆ ಅಂತ ಉಳಿಸಿದ ಆ ನಾಲ್ಕು ಪಂಜರವೇ ಹಳೆ ರೋಗವನ್ನು ಹೊಸ ಮರಿಗೆ ದಾಟಿಸುವ ಸಂಕ.

ಮೊಗ್ರಾಲ್ ಹೊಳೆಬದಿ:

ನಾನು ಮೀನು ಉಳಿಸಿಕೊಳ್ಳುವವರಲ್ಲಿ ಒಬ್ಬ. ಹಾಗಾಗಿ ನನ್ನ ಮಾತೂ ಕೇಳಿ.

ನಾರ್ವೆಯಲ್ಲಿ ಒಂದೊಂದು ಕಂಪೆನಿಗೆ ಹತ್ತಾರು ಜಾಗ ಇರ್ತದೆ. ಒಂದು ಕಡೆ ಖಾಲಿ ಬಿಟ್ಟರೆ ಇನ್ನೊಂದು ಕಡೆ ಬೆಳೆ ಇರ್ತದೆ. ನಮ್ಮದು ಹಾಗಲ್ಲ. ನನಗೆ ಇರೋದು ಎರಡು ಪಂಜರ. ಸೊಸೈಟಿ ಸಾಲ ಇದೆ. ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಮೀನು ಹಿಡಿದರೆ ವ್ಯಾಪಾರಿ ಕಿಲೋಗೆ ಎಷ್ಟು ಇಳಿಸ್ತಾನೆ ಅಂತ ನಿಮಗೂ ಗೊತ್ತು. ಮರಿ ಸಿಗೋದು ತಡವಾದ ವರ್ಷ ಮೇ ಹೊತ್ತಿಗೆ ಮೀನು ಅರ್ಧ ಕಿಲೋ ದಾಟಿರೋದಿಲ್ಲ. ಅದನ್ನು ಹಾಗೇ ಹಿಡಿದು ಮಾರಿದರೆ ನನಗೆ ತಿಂಡಿಯ ಖರ್ಚೂ ಹುಟ್ಟೋದಿಲ್ಲ. ಖಾಲಿ ಬಿಡಿ ಅನ್ನೋದು ಸುಲಭ. ಆ ನಷ್ಟ ಯಾರು ತುಂಬ್ತಾರೆ?

ಇನ್ನೊಂದು, ರೋಗ ಬಂತು ಅಂತ ಬಾಯಿ ಬಿಟ್ಟರೆ ಆ ಊರಿನ ಮೀನೇ ಬೇಡ ಅಂತ ಜನ ಹೇಳ್ತಾರೆ. ಮೇಲಿನ ಪಂಜರದವರು ಯಾಕೆ ಹೇಳಲಿಲ್ಲ ಅಂತ ನನಗೆ ಅರ್ಥ ಆಗ್ತದೆ. ಮಾಡಿದ್ದು ಸರಿ ಅಂತಲ್ಲ.

ಬದಿಯಡ್ಕ ಟೀಚರ್:

ಮೊಗ್ರಾಲಿನ ಅಣ್ಣ ಹೇಳಿದ್ದರಲ್ಲಿ ನ್ಯಾಯ ಇದೆ. ನಷ್ಟದ ಪ್ರಶ್ನೆ ಬಿಟ್ಟು ಬರೀ ಶಿಸ್ತಿನ ಮಾತಾಡಿದರೆ ಯಾವ ದೇಶದಲ್ಲೂ ಕೆಲಸ ಆಗಿಲ್ಲ.

ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಕಾಬ್ಸ್‌ಕುಕ್ ಅಂತ ಒಂದು ಕೊಲ್ಲಿ ಇದೆ. ಪಕ್ಕದಲ್ಲೇ ಕೆನಡಾ ಗಡಿ. ಕೆನಡಾ ಕಡೆ 1996ರಿಂದ ಈ ರೋಗ ಇತ್ತು, 2001ರಲ್ಲಿ ಮೇಯ್ನ್‌ಗೂ ಬಂತು. ನೀರಿಗೆ ಗಡಿ ಎಲ್ಲಿದೆ? ನಮ್ಮ ಹಾಗೇ ಅಲ್ವಾ, ಗಡಿಯ ಆ ಕಡೆ ಒಂದು ಸರಕಾರ, ಈ ಕಡೆ ಇನ್ನೊಂದು. ಅಲ್ಲಿ ಕೃಷಿ ಇಲಾಖೆಯವರು 2001ರ ಕೊನೆಗೆ 83 ಲಕ್ಷ ಡಾಲರ್ ತೆಗೆದಿಟ್ಟು, ರೋಗದಿಂದಾಗಿ ಕೊಲ್ಲಬೇಕಾದ ಮೀನಿಗೆ ಪರಿಹಾರದ ಒಂದು ಪಾಲು ಕೊಡ್ತೇವೆ ಅಂದರು. ಮರುವರ್ಷ ಇಡೀ ಕೊಲ್ಲಿಯ ಮೀನು ತೆಗೆದು, ಬಲೆ, ದೋಣಿ ಎಲ್ಲ ತೊಳೆದು ಖಾಲಿ ಬಿಟ್ಟರು. ಪರಿಹಾರದ ಭರವಸೆ ಇದ್ದರೆ ಮಾತ್ರ ರೈತ ಬಾಯಿ ಬಿಡ್ತಾನೆ. ನಾವು ಕೇಳಬೇಕಾದ್ದು ಅದನ್ನು.

ವಿಜ್ಞಾನದ ಒಂದು ವಿಷಯ ಸೇರಿಸ್ತೇನೆ. ನೀವು ವರ್ಣಿಸಿದ್ದು, ಮರಿ ಕಪ್ಪಾಗೋದು, ಗಿರಗಿರ ಸುತ್ತೋದು, ಇದು ಕಾಳಾಂಜಿ ಮರಿಗಳಲ್ಲಿ ಬರುವ ವಿಎನ್‌ಎನ್ ರೋಗದ ಲಕ್ಷಣಕ್ಕೆ ಹೊಂದ್ತದೆ. ನೋಡಾ ಜಾತಿಯ ವೈರಸ್ ಮೆದುಳು, ಕಣ್ಣಿನ ನರ ತಿಂದುಹಾಕ್ತದೆ, ಅದಕ್ಕೇ ಮೀನು ಹಾಗೆ ತಿರುಗೋದು. ತಾಯಿ ಮೀನಿನಿಂದ ಮೊಟ್ಟೆಗೆ ಬರಬಹುದು, ನೀರಿನಿಂದಲೂ ಬರಬಹುದು. ಆದರೆ ಕಣ್ಣಲ್ಲಿ ನೋಡಿ ಇದೇ ರೋಗ ಅಂತ ಯಾರೂ ಹೇಳೋ ಹಾಗಿಲ್ಲ. ಪಿಸಿಆರ್ ಪರೀಕ್ಷೆ ಆಗಲೇಬೇಕು. ಮತ್ತೆ ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಮಾತ್ರ. ವೈರಸ್‌ಗೆ ಅದನ್ನು ಹಾಕಿದರೆ ದುಡ್ಡೂ ಹೋಯ್ತು, ಹೊಳೆಯೂ ಹಾಳಾಯ್ತು.

ತಿಲಾಪಿಯ ಇಟ್ಟವರು ಟಿಲಾಪಿಯ ಲೇಕ್ ವೈರಸ್ ಬಗ್ಗೆ ತಿಳಿದಿರಲೇಬೇಕು. 2014ರಲ್ಲಿ ಇಸ್ರೇಲಿನಲ್ಲಿ ಗುರುತಿಸಿದ್ದು. 2018ರಲ್ಲಿ ಕೇರಳದಿಂದಲೂ ಪಶ್ಚಿಮ ಬಂಗಾಳದಿಂದಲೂ ವರದಿ ಆಯಿತು. ಇದೂ ಐಎಸ್‌ಎ ವೈರಸ್‌ಗೆ ದೂರದ ನೆಂಟ. ಕಣ್ಣು ಮಂಜಾಗೋದು, ಮೈಮೇಲೆ ಹುಣ್ಣು, ಮರಿ ತಂದು ಪಂಜರಕ್ಕೆ ಬಿಟ್ಟ ಮೊದಲ ತಿಂಗಳಲ್ಲೇ ಸಾವು. ಇದಕ್ಕೂ ಮದ್ದಿಲ್ಲ.

ಕುಂಬಳೆ ಎಟ್ಟಿ ಕೆರೆ:

ಎಟ್ಟಿ, ಅಂದರೆ ಸೀಗಡಿ ಸಾಕುವವರು ಈ ಪಾಠವನ್ನು ಬಹಳ ಹಿಂದೆಯೇ ಕಲಿತದ್ದು ಮಾರಾಯ್ರೆ. 1994–95ರಲ್ಲಿ ಆಂಧ್ರ, ತಮಿಳುನಾಡು ಕರಾವಳಿಯಲ್ಲಿ ಬಿಳಿ ಚುಕ್ಕೆ ರೋಗ ಬಂದು ಕೆರೆಗೆ ಕೆರೆಯೇ ಖಾಲಿ ಆಯಿತು. ಲಕ್ಷಣ ಕಂಡ ಮೇಲೆ 3ರಿಂದ 10 ದಿನ, ಅಷ್ಟರಲ್ಲಿ ಎಲ್ಲ ಮುಗೀತದೆ. ರೋಗ ಬಂದವರು ಗಾಬರಿಯಲ್ಲಿ ಕೆರೆ ಬಿಚ್ಚಿ ನೀರನ್ನು ಕಾಲುವೆಗೆ ಬಿಟ್ಟರು, ಪಕ್ಕದವರು ಅದೇ ಕಾಲುವೆಯಿಂದ ಪಂಪ್ ಹಾಕಿ ಎತ್ತಿದರು. ರೋಗ ಹರಡಿದ್ದು ಹೀಗೆ.

ಈಗ ವನಾಮಿ ಜಾತಿಯ ಸೀಗಡಿ ಸಾಕುವವರು ಏನು ಮಾಡ್ತಾರೆ ನೋಡಿ. 2009ರಿಂದ ಆ ಜಾತಿ ತರಲು ಬಿಟ್ಟಾಗ, ರೋಗವಿಲ್ಲ ಅಂತ ಖಾತರಿ ಇರುವ ತಾಯಿ ಸೀಗಡಿ ಮಾತ್ರ ಬರಬೇಕು, ಅದೂ ಚೆನ್ನೈಯ ಕ್ವಾರಂಟೈನ್ ಕೇಂದ್ರದ ಮೂಲಕವೇ ಅಂತ ನಿಯಮ ಇಟ್ಟರು. ಮರಿ ತರುವ ಮೊದಲು ಪಿಸಿಆರ್. ಕೆರೆ ಸುತ್ತ ಏಡಿ ದಾಟದ ಹಾಗೆ ಬೇಲಿ, ಮೇಲೆ ಕಾಗೆ, ಕೊಕ್ಕರೆ ಬಾರದ ಹಾಗೆ ದಾರ. ಏಡಿಗೆ ರೋಗ ಕಾಣೋದಿಲ್ಲ, ಆದರೆ ಅದು ವೈರಸ್ ಹೊತ್ತು ತಿರುಗ್ತದೆ. ಬೆಳೆ ಆದ ಮೇಲೆ ಕೆರೆಯ ಕೆಸರು ಬಿರುಕು ಬಿಡುವ ತನಕ ಒಣಗಿಸ್ತಾರೆ.

ಹೊಳೆಯ ಪಂಜರಕ್ಕೆ ಬೇಲಿ ಹಾಕಲು ಆಗೋದಿಲ್ಲ, ಒಣಗಿಸಲು ಆಗೋದಿಲ್ಲ. ಹಾಗಾಗಿ ನಿಮಗೆ ಉಳಿದಿರೋದು ಒಂದೇ, ಎಲ್ಲರೂ ಒಟ್ಟಿಗೆ ಖಾಲಿ ಮಾಡೋದು. ಬಲೆಯನ್ನಾದರೂ ಎತ್ತಿ ತೊಳೆದು ಬಿಸಿಲಲ್ಲಿ ಒಣಗಿಸಬಹುದು. ಮಳೆ ಶುರುವಾಗುವ ಮೊದಲೇ ಎತ್ತಬೇಕು, ಜೂನ್‌ನಲ್ಲಿ ಎತ್ತಿದರೆ ಬಲೆ ಒಣಗೋದು ಯಾವಾಗ?

ಶಿರಿಯ ದಡ:

ಟೀಚರ್, ಎಟ್ಟಿ ಕೆರೆಯವರು, ಇಬ್ಬರಿಗೂ ಧನ್ಯವಾದ. ಒಂದು ಪ್ರಶ್ನೆ ಇದೆ. ನಾವು ಕಾಳಾಂಜಿಗೆ ಕೊಡೋದು ಕೊಚ್ಚಿದ ಬೂತಾಯಿ, ಬಂದರಿನಲ್ಲಿ ಸಿಗುವ ಕಸ ಮೀನು. ಹಸಿಯಾಗೇ ಹಾಕ್ತೇವೆ. ಅದರಿಂದಲೂ ವೈರಸ್ ಬರ್ತದಾ?

ಉಪ್ಪಳದವ, ಈಗ ಬೆರ್ಗನ್:

ಬರಬಹುದು ಅಣ್ಣ. ನೋಡಾ ವೈರಸ್ ಸಮುದ್ರದ ಬೇರೆ ಬೇರೆ ಮೀನುಗಳಲ್ಲಿ ರೋಗ ತೋರಿಸದೇ ಇರ್ತದೆ. ಇಲ್ಲಿ ಸಾಲ್ಮನ್‌ಗೆ ಹಸಿ ಮೀನು ಯಾರೂ ಹಾಕೋದಿಲ್ಲ, ಬಿಸಿ ಮಾಡಿ ತಯಾರಿಸಿದ ಗುಳಿಗೆ ತಿಂಡಿ ಮಾತ್ರ. ನಿಮಗೆ ಸಾಧ್ಯವಾದಷ್ಟು ಬೇಗ ಮರಿಗಳನ್ನು ಗುಳಿಗೆ ತಿಂಡಿಗೆ ಅಭ್ಯಾಸ ಮಾಡಿಸಿ. ಆಗೋದಿಲ್ಲ ಅಂದರೆ ಬೂತಾಯಿ ಬೇಯಿಸಿ ಹಾಕಿ. ಕೆಲಸ ಜಾಸ್ತಿ, ಆದರೂ ಮರಿ ಸಣ್ಣ ಇರುವಾಗಲಾದರೂ ಮಾಡಿ, ಈ ರೋಗಕ್ಕೆ ಹೆಚ್ಚು ಬಲಿಯಾಗೋದು ಮರಿಗಳೇ.

ಸ್ಕಾಟ್ಲೆಂಡಿನ ಕಥೆಯನ್ನೂ ಹೇಳಬೇಕು. ಅಲ್ಲಿಗೆ ಐಎಸ್‌ಎ ಬಂದದ್ದು 1998ರಲ್ಲಿ. 11 ಜಾಗಗಳಲ್ಲಿ ಖಚಿತ ಆಯಿತು, ಇನ್ನಷ್ಟು ಕಡೆ ಅನುಮಾನ. ತನಿಖೆ ಮಾಡಿದಾಗ ಸಿಕ್ಕಿದ್ದು ದೋಣಿಯ ಜಾಡು. ಜೀವಂತ ಮೀನು ಸಾಗಿಸುವ ಹಡಗು ಇರ್ತದೆ, ಹೊಟ್ಟೆಯಲ್ಲಿ ಸಮುದ್ರದ ನೀರು ತುಂಬಿಕೊಂಡು ಮೀನು ಹೊತ್ತು ಹೋಗ್ತದೆ. ಅದು ಒಂದು ಜಾಗದಿಂದ ಇನ್ನೊಂದಕ್ಕೆ ಹೋದ ಹಾಗೆ ರೋಗವೂ ಹೋಯಿತು. ರೋಗದ ಜಾಗಗಳ ಮೀನನ್ನೆಲ್ಲ ತೆಗೆದರು, ದೋಣಿ ತೊಳೆಯೋದಕ್ಕೆ ಕಟ್ಟುನಿಟ್ಟು ಮಾಡಿದರು, ಆ ಸಲ ರೋಗವನ್ನು ಪೂರ್ತಿ ಓಡಿಸಿದರು. ಹಾಗಾಗಿ ಕೇಳ್ತೇನೆ, ನಿಮ್ಮ ಹೊಳೆಯಲ್ಲಿ ಮೀನು ಹಿಡಿಯಲು ಎಲ್ಲರೂ ಒಂದೇ ದೋಣಿ, ಒಂದೇ ಕೋರಿ ಬಲೆ ಬಾಡಿಗೆಗೆ ತರ್ತೀರಾ?

ಶಿರಿಯ ದಡ:

ಹೌದು. ದೋಣಿ ಒಂದೇ. ಪ್ಲಾಸ್ಟಿಕ್ ಕ್ರೇಟು ವ್ಯಾಪಾರಿಯದ್ದು, ಅದು ಬೇರೆ ಹೊಳೆಗೂ ಹೋಗಿ ಬರ್ತದೆ. ಅದನ್ನು ತೊಳೆದದ್ದನ್ನು ನಾನು ನೋಡಿಲ್ಲ.

ಉಪ್ಪಳದವ, ಈಗ ಬೆರ್ಗನ್:

ಹಾಗಾದರೆ ನಾಳೆಯಿಂದಲೇ ಶುರು ಮಾಡಬಹುದಾದ ಕೆಲಸ ಅದು. ಮೊದಲು ಲೋಳೆ, ಪೊರೆ ಹೋಗುವ ತನಕ ಬ್ರಷ್ ಹಾಕಿ ತಿಕ್ಕಿ ತೊಳೀಬೇಕು, ಆಮೇಲೆ ಬ್ಲೀಚಿಂಗ್ ಪೌಡರ್ ನೀರು, ಆಮೇಲೆ ಬಿಸಿಲು. ಲೋಳೆ ಇದ್ದ ಹಾಗೇ ಬ್ಲೀಚಿಂಗ್ ಹಾಕಿದರೆ ಅದರ ಶಕ್ತಿಯೆಲ್ಲ ಲೋಳೆಗೇ ಖರ್ಚಾಗ್ತದೆ. ತೊಳೆದ ನೀರು ಹೊಳೆಗೆ ಹೋಗದ ಹಾಗೆ ದಡದ ಮೇಲೆ ಮಾಡಿ.

ಮಂಜೇಶ್ವರ ಅಕ್ಕ:

ನಾನು ಮೀನು ಮಾರುವವಳು, ಸಾಕುವವಳಲ್ಲ. ಮೊಗ್ರಾಲಿನ ತಮ್ಮ ಹೇಳಿದ ಹೆದರಿಕೆ ನಿಜ. ರೋಗ ಅಂದ ಕೂಡಲೇ ಗಿರಾಕಿ ಬರೋದು ನಿಲ್ಲಿಸ್ತಾರೆ. ಆದರೆ ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಇನ್ನೂ ಕಷ್ಟ, ಮತ್ತೆ ಒಂದು ವರ್ಷ ಹೇಳಿದರೂ ನಂಬೋದಿಲ್ಲ. ಈ ಮೀನಿನ ವೈರಸ್ ಮನುಷ್ಯರಿಗೆ ಬರೋದಿಲ್ಲ ಅಂತ ಟೀಚರ್ ಥರದವರು ನಾಲ್ಕು ಸಾಲು ಬರೆದುಕೊಟ್ಟರೆ ನಾನು ಅಂಗಡಿ ಮುಂದೆ ಅಂಟಿಸ್ತೇನೆ. ಕನ್ನಡದಲ್ಲೂ ಮಲಯಾಳದಲ್ಲೂ ಬೇಕು. ರೋಗದ ಬಗ್ಗೆ ಬರುವ ಕರಪತ್ರ ಎಲ್ಲ ಮಲಯಾಳದಲ್ಲೇ ಇರ್ತದೆ, ನಮ್ಮ ಕಡೆ ವಯಸ್ಸಾದವರಿಗೆ ಅದು ಓದಲು ಬರೋದಿಲ್ಲ. ಓದಲು ಬಾರದ ಎಚ್ಚರಿಕೆಯಿಂದ ಯಾರಿಗೆ ಉಪಯೋಗ?

ಬದಿಯಡ್ಕ ಟೀಚರ್:

ಅಕ್ಕ, ಖಂಡಿತ ಬರೆದುಕೊಡ್ತೇನೆ. ಐಎಸ್‌ಎ ಆಗಲಿ, ವಿಎನ್‌ಎನ್ ಆಗಲಿ, ಎಟ್ಟಿಯ ಬಿಳಿ ಚುಕ್ಕೆ ಆಗಲಿ ತಿನ್ನುವವರಿಗೆ ರೋಗ ತರೋದಿಲ್ಲ. ಹಾಗಂತ ಸತ್ತು ತೇಲಿದ ಮೀನು ಮಾರಬಾರದು, ಅದು ಕೊಳೆತು ಹೊಟ್ಟೆ ಕೆಡಿಸ್ತದೆ. ಆ ಎರಡನ್ನೂ ಬರೀತೇನೆ.

ಪರೀಕ್ಷೆಯ ವಿಷಯ. ಮೀನಿನ ರೋಗಗಳ ಮೇಲೆ ಕಣ್ಣಿಡಲು 2013ರಿಂದ ರಾಷ್ಟ್ರೀಯ ಯೋಜನೆ ಒಂದು ನಡೀತಾ ಇದೆ, ಲಕ್ನೋದ ಮೀನು ತಳಿ ಸಂಸ್ಥೆ ಅದನ್ನು ನೋಡಿಕೊಳ್ತದೆ. 2023ರಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಅಂತ ಮೊಬೈಲ್ ಆಪ್ ಕೂಡ ಬಿಟ್ಟರು. ರೋಗ ಕಂಡ ದಿನವೇ ಫೋಟೋ ಹಾಕಿ ತಿಳಿಸಬಹುದು. ಮಂಗಳೂರಿನ ಮೀನುಗಾರಿಕಾ ಕಾಲೇಜು ನಮಗೆ ಹತ್ತಿರ, ಮಾತೂ ಕನ್ನಡ, ಅಲ್ಲೂ ವಿಚಾರಿಸಿ. ಆದರೆ ಸತ್ತು ಉಬ್ಬಿದ ಮೀನು ತಗೊಂಡು ಹೋಗಬೇಡಿ, ಅದರಲ್ಲಿ ಏನೂ ಗೊತ್ತಾಗೋದಿಲ್ಲ. ಜೀವ ಇರುವಾಗಲೇ, ಸುತ್ತುತ್ತಾ ಇರುವ ಮರಿ ಹಿಡಿದು ಐಸಿನಲ್ಲಿಟ್ಟು ಅದೇ ದಿನ ತಲುಪಿಸಿ.

ಮೊಗ್ರಾಲ್ ಹೊಳೆಬದಿ:

ನಾನು ಹಟ ಮಾಡೋದಕ್ಕೆ ಹೇಳ್ತಾ ಇಲ್ಲ. ಒಂದು ಸಂದೇಹ ಉಳಿದಿದೆ. ಅಷ್ಟೆಲ್ಲ ಶಿಸ್ತು ಇದ್ದೂ ನಾರ್ವೆಯಲ್ಲಿ ಐಎಸ್‌ಎ ಈಗಲೂ ಬರ್ತದೆ ಅಲ್ವಾ? ಚಿಲಿಯಲ್ಲಿ ದೊಡ್ಡ ದೊಡ್ಡ ಕಂಪೆನಿಗಳೇ ಮುಳುಗಿದವಂತೆ. ಹಾಗಾದರೆ ಖಾಲಿ ಬಿಟ್ಟು ಸಿಕ್ಕಿದ್ದೇನು?

ಉಪ್ಪಳದವ, ಈಗ ಬೆರ್ಗನ್:

ಒಳ್ಳೆ ಪ್ರಶ್ನೆ ಅಣ್ಣ. ನಾರ್ವೆಯಲ್ಲಿ ಈಗಲೂ ಪ್ರತಿವರ್ಷ ಕೆಲವು ಕಡೆ ಬರ್ತದೆ, ನಿಜ. ಈ ವೈರಸ್‌ಗೆ ರೋಗ ತರದ ಒಂದು ಸಾಧು ರೂಪ ಇದೆ. ಅದು ಆರೋಗ್ಯವಾದ ಮೀನಿನ ಕಿವಿರಿನಲ್ಲೇ ಇರ್ತದೆ, ಆಗೊಮ್ಮೆ ಈಗೊಮ್ಮೆ ಬದಲಾಗಿ ಕೊಲ್ಲುವ ರೂಪ ತಾಳ್ತದೆ. ಬೇರು ಸಮೇತ ಕಿತ್ತು ಹಾಕೋದು ಕಷ್ಟ. ಆದರೆ ಒಂದು ಕಡೆ ಬಂದದ್ದನ್ನು ಅಲ್ಲೇ ನಿಲ್ಲಿಸ್ತಾರೆ. ಖಾಲಿ ಬಿಟ್ಟು ಸಿಗೋದು ಅದು.

ಚಿಲಿಯಲ್ಲಿ ನಿಲ್ಲಿಸಲು ಆಗಲಿಲ್ಲ. 2007ರಲ್ಲಿ ಚಿಲೋಯೆ ದ್ವೀಪದ ಹತ್ತಿರ ಶುರು. ಪಂಜರಗಳು ಒತ್ತೊತ್ತಾಗಿ, ಎಲ್ಲ ವಯಸ್ಸಿನ ಮೀನು ಅಕ್ಕಪಕ್ಕ, ಮೀನಿನ ಮೈಗೆ ಹತ್ತುವ ಹೇನಿನ ಕಾಟ ಬೇರೆ. ವರ್ಷಕ್ಕೆ ಸುಮಾರು 3.8 ಲಕ್ಷ ಟನ್ ಇದ್ದ ಅಟ್ಲಾಂಟಿಕ್ ಸಾಲ್ಮನ್ 2010ಕ್ಕೆ ಅದರ ಮೂರನೇ ಒಂದು ಪಾಲಿಗೆ ಇಳಿಯಿತು. ಸಾವಿರಾರು ಜನ ಕೆಲಸ ಕಳಕೊಂಡರು. ಆಮೇಲೆ ಅವರು ಕಡಲನ್ನು ವಠಾರಗಳ ಹಾಗೆ ಭಾಗ ಮಾಡಿ, ಒಂದು ಭಾಗದವರೆಲ್ಲ, ಯಾವ ಕಂಪೆನಿಯೇ ಇರಲಿ, ಒಟ್ಟಿಗೆ ಮರಿ ಬಿಟ್ಟು ಒಟ್ಟಿಗೆ ಮೂರು ತಿಂಗಳು ಖಾಲಿ ಬಿಡಬೇಕು ಅಂತ ಕಾನೂನು ಮಾಡಿದರು. ಫಾರೋ ದ್ವೀಪದವರಿಗೆ 2000ದಲ್ಲಿ ಬಂದಾಗ ಸಾಕಣೆಯೇ ನಿಂತುಹೋಗುವ ಸ್ಥಿತಿ ಇತ್ತು. ಅವರು ನೆಲದೊಳಗೆ ಚಾಚಿದ ಒಂದೊಂದು ಕಡಲ ತೋಳಿಗೆ ಒಂದೇ ವಯಸ್ಸಿನ ಮೀನು ಅಂತ ಮಾಡಿ, ಲಸಿಕೆಯೂ ಹಾಕಿ ಮತ್ತೆ ಎದ್ದು ನಿಂತರು.

ಅವರಿಗೆಲ್ಲ ಖಾಲಿ ಬಿಡೋದು ನಷ್ಟ, ಚೆನ್ನಾಗಿ ಬೆಳೆಯುವ ತಿಂಗಳುಗಳನ್ನು ಬಿಟ್ಟುಕೊಡಬೇಕು. ನಿಮಗೆ ಹೇಗೂ ಜೂನ್, ಜುಲೈಯಲ್ಲಿ ಹೊಳೆ ಕೆಂಪು ನೀರು, ಉಪ್ಪು ಇಳಿದುಹೋಗಿರ್ತದೆ, ಪ್ರವಾಹಕ್ಕೆ ಪಂಜರ ಕಿತ್ತುಹೋಗುವ ಅಪಾಯ. ಮೀನು ಬೆಳೆಯೋದೂ ಕಮ್ಮಿ. ಖಾಲಿ ಬಿಡಲು ಅದಕ್ಕಿಂತ ಒಳ್ಳೆ ಕಾಲ ಯಾವುದಿದೆ?

ಮೊಗ್ರಾಲ್ ಹೊಳೆಬದಿ:

ಆ ಲೆಕ್ಕ ಒಪ್ತೇನೆ. ಹಾಗಾದರೆ ನನ್ನ ಷರತ್ತು ಹೇಳ್ತೇನೆ. ಮರಿ ಎಲ್ಲರಿಗೂ ಸೆಪ್ಟೆಂಬರಿನಲ್ಲೇ ಒಟ್ಟಿಗೆ ಸಿಗಬೇಕು, ಪಿಸಿಆರ್ ಆದ ಮರಿಯೇ ಆಗಬೇಕು. ಆಗ ಮೇ ಹೊತ್ತಿಗೆ ತೂಕ ಬರ್ತದೆ. ಎಲ್ಲರೂ ಸೇರಿ ಒಂದೇ ಹ್ಯಾಚರಿಗೆ ಆರ್ಡರ್ ಕೊಟ್ಟರೆ ಪರೀಕ್ಷೆಯ ಖರ್ಚು ಹಂಚಿಹೋಗ್ತದೆ. ಮೀನು ಹಿಡಿಯೋದು ಒಂದೇ ವಾರದಲ್ಲಿ ಬೇಡ, ಏಪ್ರಿಲ್ ಶುರುವಿನಿಂದ ಸರದಿ ಹಾಕಿ, ಕೆಳಗಿನ ಪಂಜರದಿಂದ ಮೇಲಕ್ಕೆ. ರೇಟು ಬೀಳೋದಿಲ್ಲ. ಇಷ್ಟು ಆದರೆ ಈ ಸಲ ನಾನು ಓಣಂಗೆ ಉಳಿಸೋದಿಲ್ಲ.

ಕುಂಬಳೆ ಎಟ್ಟಿ ಕೆರೆ:

ಸರದಿ ಒಳ್ಳೆಯದು. ಒಂದೇ ತಿದ್ದುಪಡಿ: ಯಾರ ಪಂಜರದಲ್ಲಿ ರೋಗದ ಅನುಮಾನ ಇದೆಯೋ ಅವರದ್ದು ಕೊನೆಗೆ, ಆ ದೋಣಿ ಆಮೇಲೆ ಬೇರೆಯವರಲ್ಲಿಗೆ ಹೋಗಬಾರದು. ಸತ್ತದ್ದನ್ನು ಹೂಳಲು ಗುಂಡಿ ಉಬ್ಬರದ ನೀರು ಮುಟ್ಟದ ಕಡೆ ತೋಡಿ, ಸುಣ್ಣ ಹಾಕಿ, ನಾಯಿ ಕೆದಕದ ಹಾಗೆ ಆಳ ಇರಲಿ.

ಶಿರಿಯ ದಡ:

ಮೊಗ್ರಾಲಿನವರೇ, ನಿಮ್ಮ ಷರತ್ತು ಇಲ್ಲಿನವರಿಗೆ ಓದಿ ಹೇಳಿದೆ. ಮರಿ ಒಟ್ಟಿಗೆ ತರಿಸೋದಕ್ಕೆ ಎಲ್ಲರೂ ಒಪ್ಪಿದರು. ಮೇಲಿನ ಪಂಜರದವರೂ ಬಂದಿದ್ದರು. ಅವರನ್ನು ಯಾರೂ ಬಯ್ಯಲಿಲ್ಲ, ಉಳಿದ ಮರಿಗಳಲ್ಲಿ ಸುತ್ತುತ್ತಾ ಇರೋದು ಇನ್ನೂ ಇದೆ ಅಂತ ಅವರಾಗಿಯೇ ಹೇಳಿದರು. ನಾಳೆ ಬೆಳಿಗ್ಗೆ ಅದನ್ನು ಐಸಿಗೆ ಹಾಕಿ ಮಂಗಳೂರಿಗೆ ಕೊಂಡುಹೋಗ್ತೇವೆ. ಪರೀಕ್ಷೆಯ ಫಲ ಏನೇ ಬರಲಿ, ಇಲ್ಲೇ ಹಾಕ್ತೇನೆ. ಟೀಚರ್, ಮಂಜೇಶ್ವರ ಅಕ್ಕನಿಗೆ ಬರೆದುಕೊಡುವ ಆ ನಾಲ್ಕು ಸಾಲು ನಮಗೂ ಕಳಿಸಿ. ಹೊಳೆಯ ಆಚೆ ದಡದವರ ನಂಬರ್ ಯಾರ ಹತ್ತಿರ ಇದ್ದರೆ ನನಗೆ ಖಾಸಗಿಯಾಗಿ ತಿಳಿಸಿ, ಅವರ ಎರಡು ತಿಲಾಪಿಯ ಪಂಜರ ಇನ್ನೂ ಲೆಕ್ಕಕ್ಕೆ ಸೇರಿಲ್ಲ.